ಸಾರುವೆಯ ಲೆಕ್ಕ

ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದಲ್ಲಿ ಏಪ್ರಿಲ್ ಕೊನೆಯ ಹೊತ್ತಿಗೆ ಗಾಳಿ, ಗುಡುಗಿನ ಜೊತೆ ಮುಂಗಾರುಪೂರ್ವ ಮಳೆ ಶುರುವಾಗುತ್ತದೆ. ಮರುದಿನ ಬೆಳಿಗ್ಗೆಯಿಂದ ಮೇಸ್ತ್ರಿಗಳ ಫೋನಿಗೆ ಬಿಡುವಿರುವುದಿಲ್ಲ. ಹೆಸರಘಟ್ಟ ರಸ್ತೆಯ ಆಸುಪಾಸಿನ ಶೀಟ್ ಮನೆಯಲ್ಲಿ ಒಂದು ಶೀಟು ಬಿರಿದಿರುತ್ತದೆ. ವಿದ್ಯಾರ್ಥಿಗಳಿಗೆಂದು ಕಟ್ಟಿದ ಮೂರಂತಸ್ತಿನ ಪಿ.ಜಿ. ಕಟ್ಟಡದ ಗೋಡೆ ಒಸರುತ್ತಿರುತ್ತದೆ. ಹಳೇ ಊರಿನ ಮನೆಯಲ್ಲಿ ನಾಲ್ಕು ಹೆಂಚು ಜಾರಿರುತ್ತವೆ. ಎಲ್ಲವೂ ಅರ್ಧ ದಿನದ ಕೆಲಸ. ಅರ್ಧ ದಿನದ ಕೆಲಸಕ್ಕೆ ಸಾರುವೆ ಯಾಕೆ ಎಂದು ಮನೆಯವರಿಗೂ ಅನ್ನಿಸುತ್ತದೆ, ಕೆಲಸದವರಿಗೂ ಅನ್ನಿಸುತ್ತದೆ.

ಆಗ ಮಾಡಿಕೊಳ್ಳುವ ಏರ್ಪಾಟನ್ನು ಹತ್ತಿರ ನಿಂತು ನೋಡಬೇಕು. ಎರಡು ಖಾಲಿ ಡ್ರಮ್ಮುಗಳು. ನೆಲ ಇಳಿಜಾರಾಗಿರುವುದರಿಂದ ಒಂದರ ಅಡಿಗೆ ಒಡೆದ ಇಟ್ಟಿಗೆ. ಮೇಲೆ ಸೆಂಟ್ರಿಂಗ್ ಕೆಲಸದಲ್ಲಿ ಉಳಿದ ಹಲಗೆ. ಅದರ ಒಂದು ತುದಿ ಡ್ರಮ್ಮಿನಿಂದ ಒಂದೂವರೆ ಅಡಿ ಹೊರಗೆ ಚಾಚಿದೆ. ಹಲಗೆಯ ಮೇಲೆ ಏಣಿ, ಏಣಿಯ ತುದಿ ಸಜ್ಜಾಕ್ಕೆ ಒರಗಿದೆ. ಬುಡವನ್ನು ಒಬ್ಬ ಹುಡುಗ ಒಂದು ಕೈಯಲ್ಲಿ ಹಿಡಿದಿದ್ದಾನೆ, ಇನ್ನೊಂದು ಕೈಯಲ್ಲಿ ಸಿಮೆಂಟ್ ಬಾಣಲಿ. ಮನೆಯ ಯಜಮಾನರು ಬಾಗಿಲಲ್ಲಿ ನಿಂತು, "ಹುಷಾರಪ್ಪ, ನಿಧಾನಕ್ಕೆ ಹತ್ತು" ಅನ್ನುತ್ತಾರೆ. ಮೇಲಿರುವವನು, "ಏನಾಗಲ್ಲ ಬಿಡಿ ಸಾರ್, ದಿನಾ ಮಾಡೋ ಕೆಲಸ" ಅನ್ನುತ್ತಾನೆ.

ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಮಾತಾಡುತ್ತಿದ್ದಾರೆ. ಆದರೆ ಇಬ್ಬರೂ ಭಾರವನ್ನೆಲ್ಲ ಹೊರಿಸಿರುವುದು ಮೇಲಿರುವ ಮನುಷ್ಯನ ಎಚ್ಚರದ ಮೇಲೆ. ಎತ್ತರದ ಕೆಲಸದಲ್ಲಿ ಎಚ್ಚರಕ್ಕೆ ಅಷ್ಟು ಭಾರ ಹೊರುವ ಶಕ್ತಿಯಿಲ್ಲ. ಚಾವಣಿಯ ಮೇಲಿನವನ ಸುರಕ್ಷತೆ ಅವನು ಹತ್ತುವ ಮೊದಲೇ, ನೆಲದ ಮೇಲೆ ತೀರ್ಮಾನವಾಗಿ ಹೋಗಿರುತ್ತದೆ ಎಂಬುದನ್ನು ಈ ಅಧ್ಯಾಯದಲ್ಲಿ ಒಂದೊಂದಾಗಿ ಲೆಕ್ಕ ಹಾಕಿ ನೋಡೋಣ. ಶಾಲೆಯಲ್ಲಿ ಕಲಿತ ಭೌತಶಾಸ್ತ್ರ ಇದಕ್ಕೆ ಸಾಕು.

ಮುಕ್ಕಾಲು ಸೆಕೆಂಡು

ಒಂದಂತಸ್ತಿನ ಮನೆಯ ಚಾವಣಿ ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ ಬಿದ್ದ ವಸ್ತು ನೆಲ ಮುಟ್ಟಲು 0.78 ಸೆಕೆಂಡು ಬೇಕು. ಆ ಹೊತ್ತಿಗೆ ಅದರ ವೇಗ ಗಂಟೆಗೆ 28 ಕಿಲೋಮೀಟರ್. 6 ಮೀಟರ್‌ನಿಂದಾದರೆ 1.1 ಸೆಕೆಂಡು, ಗಂಟೆಗೆ 39 ಕಿಲೋಮೀಟರ್.

ಕಾಲು ಜಾರಿದೆ ಎಂದು ಮೆದುಳಿಗೆ ತಿಳಿದು, ಕೈಗೆ ಆಜ್ಞೆ ಹೋಗಿ, ಕೈ ಚಲಿಸಲು ತೊಡಗುವುದಕ್ಕೇ ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಆಮೇಲೆ ಹಿಡಿಯಲು ಏನಾದರೂ ಸಿಗಬೇಕು, ಅದು ಕೈಗೆಟುಕುವಂತಿರಬೇಕು, ಮೈಭಾರವನ್ನು ತಡೆಯುವಂತಿರಬೇಕು. ಇಪ್ಪತ್ತು ವರ್ಷದ ಅನುಭವ ಇರುವ ಮೇಸ್ತ್ರಿಗೂ ನಿನ್ನೆ ಕೆಲಸಕ್ಕೆ ಸೇರಿದ ಹುಡುಗನಿಗೂ ಗುರುತ್ವ ಕೊಡುವ ಸಮಯ ಒಂದೇ.

ಇನ್ನು ಪೆಟ್ಟಿನ ಮಾತು. 3 ಮೀಟರ್ ಬೀಳುವಾಗ ಗಳಿಸಿದ ಶಕ್ತಿಯೆಲ್ಲ ದೇಹ ನಿಲ್ಲುವ ದೂರದಲ್ಲಿ ಕರಗಬೇಕು. ಸಿಮೆಂಟ್ ನೆಲದ ಮೇಲೆ ಆ ದೂರ 5 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ದೇಹದ ಮೇಲೆ ಬೀಳುವ ಸರಾಸರಿ ಬಲ ದೇಹದ ತೂಕದ 60 ಪಟ್ಟು. ತಲೆ ಮೊದಲು ತಾಗಿತೋ ಕಾಲು ಮೊದಲು ತಾಗಿತೋ ಎಂಬುದರ ಮೇಲೆ ಜೀವ ನಿಂತಿರುತ್ತದೆ. "ಬರೀ ಹತ್ತಡಿ ತಾನೇ" ಎಂಬ ಮಾತು ಎಷ್ಟು ಅಪಾಯದ್ದು ಎಂಬುದಕ್ಕೆ ಈ ಒಂದು ಅಂಕಿ ಸಾಕು.

ಬಿದ್ದ ಮೇಲೆ ಮಾಡಲು ಸಮಯವಿಲ್ಲದ ಕಾರಣ, ಮಾಡಬೇಕಾದ್ದೆಲ್ಲ ಬೀಳುವ ಮೊದಲು ಆಗಬೇಕು. ಬ್ರಿಟನ್ನಿನಲ್ಲಿ 2005ರಲ್ಲಿ ಜಾರಿಗೆ ಬಂದ ಎತ್ತರದ ಕೆಲಸದ ನಿಯಮಗಳು ಇದನ್ನೇ ಮೂರು ಮೆಟ್ಟಿಲಾಗಿ ಜೋಡಿಸಿವೆ. ಮೊದಲು, ಹತ್ತದೆಯೇ ಕೆಲಸ ಮುಗಿಸಲಾಗುತ್ತದೆಯೇ ನೋಡಿ. ಆಗದಿದ್ದರೆ, ಬೀಳಲಾಗದಂತೆ ಅಟ್ಟಣಿಗೆ, ಅಡ್ಡಗಂಬಿ ಮಾಡಿ. ಅದೂ ಆಗದಿದ್ದರೆ ಮಾತ್ರ, ಬಿದ್ದರೂ ಪೆಟ್ಟಾಗದಂತೆ ಬಲೆ, ಬೆಲ್ಟು ಹುಡುಕಿ. ನಮ್ಮಲ್ಲಿ ಸುರಕ್ಷತೆ ಎಂದ ಕೂಡಲೇ ಬೆಲ್ಟಿನ ಮಾತು ಬರುತ್ತದೆ. ಅದು ಮೂರನೆಯ ಮೆಟ್ಟಿಲು.

ಏಣಿಯ ಕೊನೆಯ ಮೆಟ್ಟಿಲು

ಏಣಿಯನ್ನು ಗೋಡೆಗೆ ಒರಗಿಸಿದಾಗ ಅದರ ಬುಡ ಹಿಂದಕ್ಕೆ ಜಾರಲು ನೋಡುತ್ತದೆ. ಅದನ್ನು ತಡೆಯುವುದು ನೆಲದ ಘರ್ಷಣೆಯೊಂದೇ. ಗೋಡೆ ನುಣುಪಾಗಿದೆ, ಏಣಿಯ ಸ್ವಂತ ತೂಕ ಕಡಿಮೆ ಎಂದಿಟ್ಟುಕೊಂಡರೆ ಲೆಕ್ಕ ಸರಳ. ಏಣಿ ನೆಲದೊಂದಿಗೆ 75 ಡಿಗ್ರಿ ಕೋನದಲ್ಲಿದ್ದು, ಮನುಷ್ಯ ಅರ್ಧ ಹತ್ತಿದ್ದಾಗ, ಬುಡದಲ್ಲಿ ಬೇಕಾಗುವ ಘರ್ಷಣಾಂಕ 0.13. ಅವನು ತುದಿ ತಲುಪಿದಾಗ ಬೇಕಾಗುವುದು 0.27. ಅದೇ ಏಣಿಯನ್ನು 60 ಡಿಗ್ರಿಗೆ ಒರಗಿಸಿದರೆ ತುದಿಯಲ್ಲಿ 0.58 ಬೇಕು. ಒದ್ದೆ ಟೈಲ್ಸ್, ಪಾಚಿ ಕಟ್ಟಿದ ಸಿಮೆಂಟ್ ಅಂಗಳ ಅಷ್ಟು ಹಿಡಿತ ಕೊಡುತ್ತದೆಂದು ನಂಬುವಂತಿಲ್ಲ.

ಇಲ್ಲಿ ಗಮನಿಸಬೇಕಾದ್ದು, ಮೇಲೇರಿದಂತೆಲ್ಲ ಏಣಿಗೆ ಹೆಚ್ಚು ಹಿಡಿತ ಬೇಕಾಗುತ್ತದೆ ಎಂಬುದು. ಕೆಳಗಿನ ಎರಡು ಮೆಟ್ಟಿಲು ಹತ್ತಿ, ಅಲ್ಲಾಡಿಸಿ, "ಗಟ್ಟಿಯಾಗಿದೆ" ಎಂದು ಹೇಳುವ ಪರೀಕ್ಷೆಗೆ ಅರ್ಥವೇ ಇಲ್ಲ. ಏಣಿ ಜಾರುವ ಸಾಧ್ಯತೆ ಅತಿ ಹೆಚ್ಚಿರುವುದು ಕೊನೆಯ ಮೆಟ್ಟಿಲಲ್ಲಿ, ಮನುಷ್ಯ ಒಂದು ಕಾಲನ್ನು ಚಾವಣಿಗೆ ಇಡುತ್ತಾ ಇನ್ನೊಂದರಿಂದ ಏಣಿಯನ್ನು ಪಕ್ಕಕ್ಕೆ ಒತ್ತುವ ಗಳಿಗೆಯಲ್ಲಿ.

ಹಾಗಾಗಿ ಮೂರು ಪದ್ಧತಿಗಳು. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಬುಡವನ್ನು ಗೋಡೆಯಿಂದ ಹಿಂದಿಡುವುದು. ಹತ್ತಡಿ ಎತ್ತರಕ್ಕೆ ಎರಡೂವರೆ ಅಡಿ. 75 ಡಿಗ್ರಿ ಕೋನ ತಾನಾಗಿ ಬರುತ್ತದೆ. ಏಣಿಯ ತುದಿ ಇಳಿಯುವ ಜಾಗಕ್ಕಿಂತ ಮೂರಡಿ ಮೇಲಕ್ಕೆ ಚಾಚಿರುವುದು, ಕಾಲು ಬದಲಿಸುವಾಗ ಕೈಗೆ ಹಿಡಿ ಸಿಗುವಂತೆ. ಮೂರನೆಯದು, ತುದಿಯನ್ನು ಗಟ್ಟಿಯಾದ ಯಾವುದಕ್ಕಾದರೂ ಕಟ್ಟುವುದು. ಬುಡ ಹಿಡಿದು ನಿಲ್ಲುವ ಹುಡುಗ ಮೊದಲ ಸಲ ತುದಿ ಕಟ್ಟುವವರೆಗೆ ಮಾತ್ರ ಬೇಕು. ಆಮೇಲೆ ಅವನು ಅಲ್ಲಿ ನಿಂತರೆ ಮೇಲಿಂದ ಬೀಳುವ ಸುತ್ತಿಗೆಯ ನೇರಕ್ಕೆ ನಿಂತಂತೆ. ಏಣಿಯನ್ನು ಡ್ರಮ್ಮಿನ ಮೇಲೋ ಹಲಗೆಯ ಮೇಲೋ ಇಡುವುದಂತೂ ಬೇಡವೇ ಬೇಡ. ಗಿಡ್ಡ ಏಣಿಯನ್ನು ಉದ್ದ ಮಾಡುವ ದಾರಿ ಉದ್ದದ ಏಣಿ ತರುವುದೊಂದೇ.

ಕಾಲಡಿಯ ಮಣ್ಣು

ಎರಡನೆಯ ಅಂತಸ್ತಿನ ಹೊರಗೋಡೆಗೆ, ಚಾವಣಿಯ ಅಂಚಿಗೆ ಏಣಿ ಸಾಲದು. ಸಾರುವೆ ಕಟ್ಟಬೇಕು. ಬೆಂಗಳೂರಿನ ಸಣ್ಣ ಕೆಲಸಗಳಲ್ಲಿ ಇಂದಿಗೂ ಸರ್ವೆ ಮರದ ಗಳ, ಬಿದಿರು ಕಾಣುತ್ತವೆ. ದೊಡ್ಡ ಕೆಲಸಕ್ಕೆ ಬಾಡಿಗೆಗೆ ತಂದ ಉಕ್ಕಿನ ಪೈಪು. ಯಾವುದಾದರೂ ಸರಿ, ಮೊದಲ ಪ್ರಶ್ನೆ ಅದರ ಕಾಲು ಯಾವುದರ ಮೇಲೆ ನಿಂತಿದೆ ಎಂಬುದು.

ಸಾರುವೆಗೆ ಬಳಸುವ ಸಾಮಾನ್ಯ ಉಕ್ಕಿನ ಪೈಪಿನ ಹೊರವ್ಯಾಸ 48.3 ಮಿಲಿಮೀಟರ್. ಅದರ ಗೋಡೆ ಸುಮಾರು 3.2 ಮಿಲಿಮೀಟರ್ ದಪ್ಪ. ಅಂದರೆ ನೆಲ ಮುಟ್ಟುವುದು ಸಣ್ಣದೊಂದು ಉಂಗುರ, 4.5 ಚದರ ಸೆಂಟಿಮೀಟರ್. ಆ ಕಾಲಿನ ಮೇಲೆ 500 ಕಿಲೋಗ್ರಾಂ ಭಾರ ಬಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ 110 ಕಿಲೋಗ್ರಾಮಿನಷ್ಟು ಒತ್ತಡ. ಯಾವ ಮಣ್ಣೂ ಅದನ್ನು ತಾಳುವುದಿಲ್ಲ. ಕಾಲಿನ ಕೆಳಗೆ 15 ಸೆಂಟಿಮೀಟರ್ ಚದರದ ಉಕ್ಕಿನ ತಟ್ಟೆ ಇಟ್ಟರೆ ಒತ್ತಡ 2.2 ಕಿಲೋಗ್ರಾಮಿಗೆ ಇಳಿಯುತ್ತದೆ. ತಟ್ಟೆಯ ಕೆಳಗೆ ಮೂರಡಿ ಉದ್ದ, ಒಂಬತ್ತು ಅಂಗುಲ ಅಗಲದ ದಪ್ಪ ಹಲಗೆ ಹಾಸಿದರೆ ಅದರ ಹತ್ತನೇ ಒಂದು ಭಾಗದ ಆಸುಪಾಸಿಗೆ ಬರುತ್ತದೆ. ಪೈಪು ಅದೇ, ಭಾರ ಅದೇ. ಒಂದು ತಟ್ಟೆ, ಒಂದು ಹಲಗೆ ಸೇರಿದ್ದರಿಂದ ಒತ್ತಡ ಸುಮಾರು ನಾನೂರೈವತ್ತರಲ್ಲಿ ಒಂದು ಪಾಲಾಯಿತು.

ನಮ್ಮ ಕಡೆ ಇದು ಇನ್ನೂ ಮುಖ್ಯ. ಹೊಸ ಬಡಾವಣೆಗಳಲ್ಲಿ ಗೋಡೆಯ ಪಕ್ಕದ ನೆಲ ಬಹಳ ಕಡೆ ಹುಟ್ಟುನೆಲವಲ್ಲ. ಪಾಯ ತೋಡಿ, ಮತ್ತೆ ತುಂಬಿದ ಸಡಿಲ ಕೆಂಪು ಮಣ್ಣು ಅದು. ಪಕ್ಕದಲ್ಲೇ ಸಂಪು, ಚರಂಡಿ ಪೈಪು. ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುವ ಆ ಮಣ್ಣು ಒಂದು ರಾತ್ರಿಯ ಮಳೆಗೆ ಮೆತ್ತಗಾಗುತ್ತದೆ. ನಾಲ್ಕು ಕಾಲುಗಳಲ್ಲಿ ಒಂದು ಎರಡಂಗುಲ ಕುಸಿದರೆ ಸಾರುವೆ ಆ ಕಡೆಗೆ ವಾಲುತ್ತದೆ, ವಾಲಿದ ಕಡೆಯ ಕಾಲಿನ ಮೇಲೆ ಇನ್ನಷ್ಟು ಭಾರ ಬೀಳುತ್ತದೆ, ಅದು ಮತ್ತಷ್ಟು ಕುಸಿಯುತ್ತದೆ. ಆದ್ದರಿಂದ ಮಳೆ ಬಂದ ಮರುದಿನ ಸಾರುವೆ ಹತ್ತುವ ಮೊದಲು ಪ್ರತಿ ಕಾಲನ್ನೂ ಬಗ್ಗಿ ನೋಡಲೇಬೇಕು. ಒಡೆದ ಇಟ್ಟಿಗೆ, ಸೈಜುಗಲ್ಲಿನ ಚೂರು ಇಟ್ಟು ಮಟ್ಟ ಮಾಡುವುದು ಇಲ್ಲಿ ನಿಲ್ಲದು. ಇಟ್ಟಿಗೆ ಗೋಡೆಯೊಳಗೆ ಎಷ್ಟೇ ಗಟ್ಟಿಯಾಗಿರಲಿ, ಪೈಪಿನ ಉಂಗುರದ ಕೆಳಗೆ ಅದು ಸೀಳುತ್ತದೆ.

ಆಯ್ಲರನ ಸೂತ್ರ ಮತ್ತು ಓರೆಪಟ್ಟಿ

ಕಂಬ ಮುರಿಯುವುದು ಭಾರ ಹೆಚ್ಚಾಗಿ ನಜ್ಜುಗುಜ್ಜಾದಾಗ ಎಂದು ನಾವು ಭಾವಿಸುತ್ತೇವೆ. ತೆಳ್ಳಗಿನ, ಉದ್ದನೆಯ ಕಂಬ ಸೋಲುವ ರೀತಿ ಬೇರೆ. ಅದು ನಡುವೆ ಬಿಲ್ಲಿನಂತೆ ಬಾಗಿ, ಥಟ್ಟನೆ ಮಡಚಿಕೊಳ್ಳುತ್ತದೆ. ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಇದರ ಗಣಿತವನ್ನು ಪ್ರಕಟಿಸಿದ. ಅವನ ಸೂತ್ರದ ಸಾರ ಇಷ್ಟು: ಪಕ್ಕದ ಆಸರೆಯಿಲ್ಲದ ಉದ್ದ ಎರಡು ಪಟ್ಟಾದರೆ, ಕಂಬ ತಾಳುವ ಭಾರ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮೇಲೆ ಹೇಳಿದ ಪೈಪಿಗೇ ಇದನ್ನು ಅನ್ವಯಿಸೋಣ. ಪ್ರತಿ 2 ಮೀಟರಿಗೊಮ್ಮೆ ಅಡ್ಡಪಟ್ಟಿ, ಓರೆಪಟ್ಟಿ ಹಾಕಿ ಬಿಗಿದಿದ್ದರೆ, ನೆಟ್ಟಗಿರುವ ಹೊಸ ಪೈಪು ಸೂತ್ರದ ಪ್ರಕಾರ ಸುಮಾರು 6 ಟನ್ ತಾಳಬಲ್ಲದು. ನಡುವಿನ ಒಂದು ಪಟ್ಟಿಯನ್ನು ಬಿಚ್ಚಿ, ಆಸರೆಯಿಲ್ಲದ ಉದ್ದವನ್ನು 4 ಮೀಟರ್ ಮಾಡಿದರೆ ಉಳಿಯುವುದು ಒಂದೂವರೆ ಟನ್. ಇದು ಆದರ್ಶ ಪೈಪಿನ ಲೆಕ್ಕ. ಬಾಡಿಗೆಗೆ ಬಂದು ಬಂದು ಸೊಟ್ಟಗಾದ, ತುಕ್ಕು ತಿಂದ ಪೈಪಿಗೆ ಅಷ್ಟೂ ಇರುವುದಿಲ್ಲ. ಸುರಕ್ಷತೆಗೆಂದು ಇಟ್ಟುಕೊಳ್ಳುವ ಮೀಸಲನ್ನೂ ಕಳೆದರೆ ಬಳಸಬಹುದಾದ ಭಾರ ಇನ್ನೂ ಕಡಿಮೆ.

ಓರೆಪಟ್ಟಿಯ ಮೇಲೆ ಯಾರೂ ನಿಲ್ಲುವುದಿಲ್ಲ, ಸಾಮಾನು ಇಡುವುದಿಲ್ಲ. ಹಾಗಾಗಿ ಅದು ದಂಡಕ್ಕೆ ನಿಂತಂತೆ ಕಾಣುತ್ತದೆ. ಬಾಣಲಿ ಸಾಗಿಸಲು ಅಡ್ಡವಾಯಿತೆಂದು ಬಿಚ್ಚುತ್ತಾರೆ, ಇನ್ನೊಂದು ಕಡೆ ಸಾಲದೆ ಹೋಯಿತೆಂದು ಒಯ್ಯುತ್ತಾರೆ. ಬಿಚ್ಚಿದ ಕೂಡಲೇ ಏನೂ ಆಗುವುದಿಲ್ಲ. ಮಧ್ಯಾಹ್ನ ಇಟ್ಟಿಗೆಯ ಹೊರೆ ಮೇಲೇರಿದಾಗ, ಕಾಂಕ್ರೀಟ್ ಸುರಿದಾಗ, ಯಾವ ಮುನ್ಸೂಚನೆಯೂ ಇಲ್ಲದೆ ಕಂಬ ಮಡಚಿಕೊಳ್ಳುತ್ತದೆ. ಅದರ ಭಾರ ಪಕ್ಕದ ಕಂಬಕ್ಕೆ ಹೋಗುತ್ತದೆ, ಅದೂ ಮಡಚಿಕೊಳ್ಳುತ್ತದೆ.

ಸಾರುವೆ ಕುಸಿದರೆ ಏನಾಗುತ್ತದೆ ಎಂಬುದನ್ನು ಉತ್ತರ ಬೆಂಗಳೂರು ಕಂಡಿದೆ. 2019ರ ಜೂನ್ 17ರಂದು ಹೆಬ್ಬಾಳದ ಆಚೆಯ ಜೋಗಪ್ಪ ಲೇಔಟಿನಲ್ಲಿ, ಕಟ್ಟುತ್ತಿದ್ದ ಕೊಳಚೆ ನೀರು ಶುದ್ಧೀಕರಣ ಘಟಕದ ಕೆಲಸ ನಡೆದಿದ್ದಾಗ ಉಕ್ಕಿನ ಸಾರುವೆ ಕುಸಿದು ಮೂವರು ಪ್ರಾಣ ಕಳೆದುಕೊಂಡರು, ಹಲವರು ಗಾಯಗೊಂಡರು. ನೂರಾರು ಪೈಪುಗಳ ಸಾರುವೆಯೂ ಮನೆಯ ಮುಂದಿನ ನಾಲ್ಕು ಕಂಬದ ಸಾರುವೆಯೂ ಒಂದೇ ಸೂತ್ರಕ್ಕೆ ಬದ್ಧ.

ಒಳ್ಳೆಯ ಉದಾಹರಣೆಯೂ ನಮ್ಮ ನಾಡಿನಲ್ಲೇ ಇದೆ. ಚಿಕ್ಕಬಾಣಾವರ ಜಂಕ್ಷನ್ನಿನಲ್ಲಿ ಕವಲೊಡೆಯುವ ಹಾಸನದ ರೈಲು ಹಳಿ ಶ್ರವಣಬೆಳಗೊಳವನ್ನು ಹಾದುಹೋಗುತ್ತದೆ. ಅಲ್ಲಿ 58 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುವಾಗ, ಕಲಶ ಹೊತ್ತವರು ಮೂರ್ತಿಯ ನೆತ್ತಿಯವರೆಗೆ ಏರಲು ಅಟ್ಟಣಿಗೆ ಕಟ್ಟುತ್ತಾರೆ. 2018ರ ಫೆಬ್ರವರಿಯಲ್ಲಿ ಅದು ಉಕ್ಕಿನ ಅಟ್ಟಣಿಗೆಯಾಗಿತ್ತು. ಬೆಟ್ಟದ ಗಾಳಿಗೆ ಮೈಯೊಡ್ಡಿ, ಜನರ ಗುಂಪನ್ನು ಹೊತ್ತು ನಿಲ್ಲುವ ಅಂಥ ಅಟ್ಟಣಿಗೆಯನ್ನು ಯಾರೂ ಕಣ್ಣಳತೆಯಲ್ಲಿ ಕಟ್ಟುವುದಿಲ್ಲ. ಕೆಲವು ದಿನಗಳ ಬಳಕೆಗೆ ಬೇಕಾದ ಕಟ್ಟಡವನ್ನೂ ಕಟ್ಟಡವೆಂದೇ ಎಣಿಸಿ ಲೆಕ್ಕ ಹಾಕುತ್ತಾರೆ. ಮೂರು ದಿನದ ಪ್ಲಾಸ್ಟರಿಂಗ್ ಕೆಲಸದ ಸಾರುವೆಗೂ ಆ ಗೌರವ ಸಲ್ಲಬೇಕು.

ಸಾರುವೆಯ ಎತ್ತರ ಅದರ ತಳದ ಕಿರಿದಾದ ಬದಿಯ ನಾಲ್ಕು ಪಟ್ಟು ಮೀರಿದರೆ, ಅದನ್ನು ಕಟ್ಟಡಕ್ಕೆ ಬಿಗಿಯಬೇಕು ಎಂಬುದು ಹಲವೆಡೆ ಪಾಲಿಸುವ ನಿಯಮ. ಬಿಗಿಯುವುದು ಗಟ್ಟಿ ಕಾಂಕ್ರೀಟಿಗೆ. ಕಿಟಕಿಯ ಗ್ರಿಲ್ಲಿಗೋ ನೀರಿನ ಪಿ.ವಿ.ಸಿ. ಪೈಪಿಗೋ ಅಲ್ಲ.

ನಿಲ್ಲುವ ಹಲಗೆ

ತೊಲೆಯ ಬಲ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಗೆಲಿಲಿಯೊ 1638ರ ತನ್ನ ಕೃತಿಯಲ್ಲಿ ತೋರಿಸಿದ್ದ. ನಮ್ಮ ಹಲಗೆಗೆ ಅದರ ಅರ್ಥವೇನು? ಒಂಬತ್ತು ಅಂಗುಲ ಅಗಲದ, ಒಂದೂವರೆ ಅಂಗುಲ ದಪ್ಪದ ಹಲಗೆಯನ್ನು ಐದಡಿಗೊಂದು ಆಸರೆ ಕೊಟ್ಟು ಹಾಸಿ, ನಡುವೆ 100 ಕಿಲೋಗ್ರಾಂ ಇಟ್ಟರೆ ಮರದ ನಾರಿನ ಮೇಲೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಸುಮಾರು 7 ನ್ಯೂಟನ್. ಒಂದಂಗುಲ ದಪ್ಪದ ಸೆಂಟ್ರಿಂಗ್ ಹಲಗೆಯನ್ನು ಹತ್ತಡಿ ಅಂತರದ ಎರಡು ಡ್ರಮ್ಮುಗಳ ಮೇಲೆ ಹಾಸಿದರೆ ಅದು 31ಕ್ಕೆ ಏರುತ್ತದೆ. ನಾಲ್ಕೂವರೆ ಪಟ್ಟು! ಗಂಟಿಲ್ಲದ ಒಳ್ಳೆಯ ಮರ ಒಂದು ಸಲ ತಾಳಿಕೊಂಡೀತು. ಕಾಂಕ್ರೀಟಿನಲ್ಲಿ ನೆನೆದು, ಮೊಳೆ ಹೊಡೆಸಿಕೊಂಡು, ಬಿಸಿಲಲ್ಲಿ ಸೀಳಿದ ಹಲಗೆಯಿಂದ ಅದನ್ನು ನಿರೀಕ್ಷಿಸುವಂತಿಲ್ಲ.

ಮುರಿಯದ ಹಲಗೆಯೂ ಬೀಳಿಸಬಲ್ಲದು. ಆಸರೆಯಿಂದಾಚೆ ಚಾಚಿದ ತುದಿಯ ಮೇಲೆ ಕಾಲಿಟ್ಟರೆ, ಮಕ್ಕಳ ಏತಪಾತದ ಹಾಗೆ ಇನ್ನೊಂದು ತುದಿ ಎದ್ದು ಹಲಗೆ ಮಗುಚುತ್ತದೆ. ಆದ್ದರಿಂದ ಹಲಗೆ ಆಸರೆಯ ಆಚೆಗೆ ಕನಿಷ್ಠ ಎರಡಂಗುಲವಾದರೂ ಇರಬೇಕು, ಹಲಗೆಯ ದಪ್ಪದ ನಾಲ್ಕು ಪಟ್ಟು ಮೀರಬಾರದು, ಎರಡೂ ತುದಿ ಕಟ್ಟಿರಬೇಕು. ಒಂದು ಹಲಗೆಯ ಮೇಲೆ ಹಗ್ಗದ ಮೇಲಿನ ನಡಿಗೆ ಸಲ್ಲದು. ಸಾಮಾನು ಇಟ್ಟು ಪಕ್ಕದಲ್ಲಿ ನಡೆಯುವಷ್ಟು ಅಗಲಕ್ಕೆ ಹಲಗೆಗಳನ್ನು ಸಂದಿಲ್ಲದೆ ಜೋಡಿಸಬೇಕು.

ಇನ್ನು ಅಂಚಿನ ಕಂಬಿ. ಅದನ್ನು ಸುಮಾರು 1 ಮೀಟರ್ ಎತ್ತರಕ್ಕೆ ಹಾಕಬೇಕೆನ್ನಲು ಕಾರಣ ನಮ್ಮ ದೇಹದಲ್ಲೇ ಇದೆ. ನಿಂತ ಮನುಷ್ಯನ ಗುರುತ್ವಕೇಂದ್ರ ಅವನ ಎತ್ತರದ ಶೇಕಡ 55ರ ಆಸುಪಾಸಿನಲ್ಲಿರುತ್ತದೆ. ಐದೂವರೆ ಅಡಿಯವನಿಗೆ ಅದು ಸುಮಾರು 92 ಸೆಂಟಿಮೀಟರ್. ಕಂಬಿ ಅದಕ್ಕಿಂತ ಮೇಲಿದ್ದರೆ ತಡೆಯುತ್ತದೆ. ಮೊಣಕಾಲಿನ ಮಟ್ಟದ ಗಿಡ್ಡ ಪ್ಯಾರಪೆಟ್ ಗೋಡೆ ಮಾತ್ರ ಇದ್ದರೆ, ಹಿಂದೆ ಹಿಂದೆ ಸರಿಯುತ್ತಾ ಬಣ್ಣ ಬಳಿಯುವವನ ಕಾಲನ್ನು ತಡೆದು ಮೈಯನ್ನು ಆಚೆಗೆ ಉರುಳಿಸುತ್ತದೆ. ಹಲಗೆಯ ಅಂಚಿಗೆ ನಿಲ್ಲಿಸುವ ಆರಂಗುಲದ ಪಟ್ಟಿ ಕೆಳಗಿನವರಿಗಾಗಿ. 6 ಮೀಟರ್‌ನಿಂದ ಜಾರಿದ ಇಟ್ಟಿಗೆಯೂ ಗಂಟೆಗೆ 39 ಕಿಲೋಮೀಟರ್ ವೇಗದಲ್ಲೇ ಬರುತ್ತದೆ, ಕೆಳಗೆ ಆಡುವ ಮಗುವನ್ನು ನೋಡಿ ನಿಧಾನ ಮಾಡುವುದಿಲ್ಲ.

ನೆಲದಂತೆ ಕಾಣುವ ಶೀಟು

ಇಷ್ಟರವರೆಗೆ ಅಂಚಿನಿಂದ ಬೀಳುವ ಮಾತಾಯಿತು. ಶೀಟಿನ ಚಾವಣಿಯಲ್ಲಿ ನಡುವಿನಿಂದಲೇ ಬೀಳುತ್ತಾರೆ. ಚಿಕ್ಕಬಾಣಾವರದ ಬಾಡಿಗೆ ಮನೆಗಳು, ದನದ ಕೊಟ್ಟಿಗೆ, ಗ್ಯಾರೇಜು, ಅಲ್ಲಿಗೆ ಹತ್ತಿರದ ಪೀಣ್ಯದ ಕಾರ್ಖಾನೆ ಷೆಡ್ಡುಗಳು, ಎಲ್ಲೆಡೆ ಇರುವ ಸಿಮೆಂಟ್ ಶೀಟಿನ ದಪ್ಪ ಸಾಮಾನ್ಯವಾಗಿ 6 ಮಿಲಿಮೀಟರ್. ಅದನ್ನು ಹೊರುವ ಅಡ್ಡಪಟ್ಟಿಗಳ ನಡುವಿನ ಅಂತರ 1.4 ಮೀಟರ್‌ವರೆಗೂ ಇರುತ್ತದೆ. ಮಳೆಯ ನೀರನ್ನು ಹರಿಸುವುದು ಅದರ ಕೆಲಸ. ಒಂದು ಕಾಲಿನಡಿ ಒಟ್ಟಾಗುವ ಮನುಷ್ಯನ ತೂಕವನ್ನು ಹೊರುವುದು ಅದರ ಕೆಲಸವಲ್ಲ.

ಉಕ್ಕು ಮುರಿಯುವ ಮೊದಲು ಬಾಗುತ್ತದೆ, ಮರ ಲಟಲಟ ಅನ್ನುತ್ತದೆ. ಸಿಮೆಂಟ್ ಶೀಟು ಯಾವ ಎಚ್ಚರಿಕೆಯನ್ನೂ ಕೊಡದೆ ಒಡೆಯುತ್ತದೆ. ವರ್ಷಗಟ್ಟಲೆ ಬಿಸಿಲು ಮಳೆ ತಿಂದ ಶೀಟಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಬೆಳಕಿಗೆಂದು ನಡುನಡುವೆ ಹಾಕಿದ ಫೈಬರ್ ಶೀಟು ಧೂಳು, ಪಾಚಿ ಹಿಡಿದು ಉಳಿದವುಗಳಂತೆಯೇ ಕಾಣತೊಡಗುತ್ತದೆ. ಅದರ ಮೇಲೆ ಕಾಲಿಟ್ಟವನು, ತಾನು ಕಾಲಿಟ್ಟದ್ದು ಎಲ್ಲಿ ಎಂದು ತಿಳಿಯುವುದರೊಳಗೆ ಕೆಳಗಿರುತ್ತಾನೆ.

"ಬೋಲ್ಟ್ ಸಾಲಿನ ಮೇಲೇ ಕಾಲಿಟ್ಟು ನಡೀಬೇಕು, ಅಡಿಗೆ ಕಬ್ಬಿಣ ಇರುತ್ತೆ" ಎಂಬುದು ಈ ಕೆಲಸದವರ ನಡುವೆ ಬಾಯಿಂದ ಬಾಯಿಗೆ ಬಂದ ಪಾಠ. ಅದರಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅಪಾಯಕಾರಿ. ಅಡಿಯ ಕಬ್ಬಿಣ ಎರಡಂಗುಲ ಅಗಲ, ಕಾಲಡಿಯ ಶೀಟು ಅಲೆಅಲೆಯಾಗಿದೆ, ಹೆಗಲ ಮೇಲೆ ಭಾರವಿದೆ. ತಪ್ಪಲು ಜಾಗ ಬೇಕಾದಷ್ಟಿದೆ.

ಸರಿಯಾದ ಕ್ರಮ ಹೀಗೆ. ಶೀಟಿನ ಮೇಲೆ ಹೋಗದೆ, ಒಳಗಿನಿಂದಲೇ ಸ್ಟ್ಯಾಂಡು ನಿಲ್ಲಿಸಿ ಕೆಲಸ ಮುಗಿಯುತ್ತದೆಯೇ ನೋಡಬೇಕು. ಎಷ್ಟೋ ಸಲ ಒಡೆದ ಒಂದು ಶೀಟನ್ನು ಬೋಲ್ಟು ಬಿಚ್ಚಿ ಕೆಳಗಿನಿಂದಲೇ ಬದಲಿಸಬಹುದು. ಮೇಲೆ ಹೋಗಲೇಬೇಕಿದ್ದರೆ, ಎರಡಡಿ ಅಗಲದ ಹಲಗೆ ಚೌಕಟ್ಟುಗಳನ್ನು ಅಡ್ಡಪಟ್ಟಿಯಿಂದ ಅಡ್ಡಪಟ್ಟಿಗೆ ಸೇರುವಂತೆ ಹಾಸಬೇಕು. ಕನಿಷ್ಠ ಎರಡು ಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದಕ್ಕೆ ಸರಿಸಿಕೊಳ್ಳಲು. ಅವು ಜಾರದಂತೆ ಚಾವಣಿಯ ನೆತ್ತಿಗೆ ಕಟ್ಟಿರಬೇಕು. ಒಳಗೆ, ಕೆಲಸದ ಜಾಗದ ಕೆಳಗೆ ಬಲೆ ಕಟ್ಟಿದರೆ ಇನ್ನೂ ಒಳ್ಳೆಯದು. ಹಳೆಯ ಶೀಟುಗಳಲ್ಲಿ ಕಲ್ನಾರು ಇರುವುದರಿಂದ ಅವನ್ನು ಒಡೆಯುವುದು, ಒಣಗಿದ್ದಾಗ ಕತ್ತರಿಸುವುದು ಬೇಡ. ಆ ಧೂಳು ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರವೂ ಕಾಡುತ್ತದೆ.

ಗಾಳಿಯನ್ನೂ ಮರೆಯಬಾರದು. ಮೂರು ಚದರ ಮೀಟರಿನ ಶೀಟನ್ನು ಎತ್ತಿ ಹಿಡಿದವನ ಮೇಲೆ ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ನೇರ ಬೀಸಿದರೆ, ಸುಮಾರು 18 ಕಿಲೋಗ್ರಾಂ ಭಾರದಷ್ಟು ಬಲ ಅವನನ್ನು ನೂಕುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಮೋಡ ಕವಿದ ಮೇ ತಿಂಗಳ ಸಂಜೆ "ಇದೊಂದು ಶೀಟು ಹಾಕಿ ಇಳೀತೀನಿ" ಅನ್ನುವವನನ್ನು ಕೆಳಗಿಳಿಸುವುದು ಮನೆಯವರ ಕರ್ತವ್ಯ.

ಬೆಲ್ಟು ಯಾವಾಗ ಕಾಯುತ್ತದೆ?

ಬೆಲ್ಟು ಎಂದರೆ ಮೈಗೆಲ್ಲ ಪಟ್ಟಿಯಿರುವ ಹಾರ್ನೆಸ್ಸು, ಅದಕ್ಕೊಂದು ಹಗ್ಗ, ಹಗ್ಗದ ನಡುವೆ ಎಳೆತಕ್ಕೆ ಹೊಲಿಗೆ ಬಿಚ್ಚಿಕೊಳ್ಳುತ್ತಾ ಪೆಟ್ಟನ್ನು ಹೀರುವ ಪೊಟ್ಟಣ. ಬೀಳುವವನ ಮೇಲಿನ ಬಲವನ್ನು 6 ಕಿಲೋನ್ಯೂಟನ್ ಒಳಗೆ ಇಡುವುದು ಅದರ ಗುರಿ. ಒಳ್ಳೆಯ ಸಾಧನ. ಆದರೆ ಅದಕ್ಕೆ ಕೆಲಸ ಮಾಡಲು ಜಾಗ ಬೇಕು. ಹಗ್ಗದ ಉದ್ದ 1.8 ಮೀಟರ್, ಪೊಟ್ಟಣ ಪೂರ್ತಿ ಬಿಚ್ಚಿಕೊಂಡರೆ 1.75 ಮೀಟರ್, ಬೆನ್ನಿನ ಕೊಂಡಿಯಿಂದ ಪಾದದವರೆಗೆ 1.5 ಮೀಟರ್, ಮೇಲೊಂದು ಮೀಟರ್ ಮೀಸಲು. ಒಟ್ಟು, ಕಟ್ಟಿದ ಜಾಗದಿಂದ ಕೆಳಗೆ 6 ಮೀಟರ್ ಖಾಲಿ ಇರಬೇಕು.

ಒಂದಂತಸ್ತಿನ ಮನೆಯ ಎತ್ತರ 3 ಮೀಟರ್. ಕಾಲ ಬುಡದಲ್ಲಿ ಹಗ್ಗ ಕಟ್ಟಿಕೊಂಡು ಬಿದ್ದರೆ, ಹಗ್ಗ ಬಿಗಿಯಾಗಿ ಪೂರ್ತಿ ತಡೆಯುವುದರೊಳಗೆ ನೆಲ ಬಂದಿರುತ್ತದೆ. ಬೆಲ್ಟು ಹಾಕಿದ ಧೈರ್ಯವೊಂದು ಹೆಚ್ಚಾಗಿರುತ್ತದೆ, ಅಷ್ಟೇ. ಅಂಥಲ್ಲಿ ಬೇರೆ ಉಪಾಯವಿದೆ. ಹಗ್ಗವನ್ನು ಚಾವಣಿಯ ಅಂಚು ತಲುಪಲೇ ಆಗದಷ್ಟು ಗಿಡ್ಡ ಮಾಡಿ ಕಟ್ಟುವುದು. ಬಿದ್ದವನನ್ನು ತಡೆಯುವುದಕ್ಕಿಂತ ಅಂಚಿಗೆ ಹೋಗದಂತೆ ತಡೆಯುವುದು ಸುಲಭ, ಅಗ್ಗ, ಖಚಿತ.

ಕಟ್ಟುವ ಗೂಟವೂ ಗಟ್ಟಿಯಿರಬೇಕು. ಯುರೋಪಿನ ಮಾನದಂಡ ಅಂಥ ಗೂಟವನ್ನು 12 ಕಿಲೋನ್ಯೂಟನ್, ಅಂದರೆ ಸುಮಾರು 1.2 ಟನ್ ಎಳೆತಕ್ಕೆ ಪರೀಕ್ಷಿಸುತ್ತದೆ. ಖಾಲಿ ಪ್ಲಾಸ್ಟಿಕ್ ನೀರಿನ ಟ್ಯಾಂಕು, ಸೋಲಾರ್ ಹೀಟರಿನ ಕಾಲು, ಡಿಶ್ ಆಂಟೆನಾದ ಕಂಬ ಅದಕ್ಕೆ ಸಾಟಿಯಲ್ಲ. ಹಗ್ಗದಲ್ಲಿ ತೂಗಾಡುವವನನ್ನು ಬೇಗ ಕೆಳಗಿಳಿಸದಿದ್ದರೆ ಕಾಲಲ್ಲಿ ರಕ್ತ ನಿಂತು ಅವನ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಆದ್ದರಿಂದ ಬೆಲ್ಟು ಹಾಕುವ ಮೊದಲೇ ಇಳಿಸುವ ಬಗೆ ಗೊತ್ತಿರಬೇಕು, ಒಬ್ಬಂಟಿಯಾಗಿ ಯಾರೂ ಹತ್ತಬಾರದು.

ತಲೆಯ ಮೇಲಿನ ತಂತಿ

ಕಿರಿದಾದ ಓಣಿಗಳಲ್ಲಿ 11 ಕೆ.ವಿ. ತಂತಿ ಮನೆಗಳ ತಾರಸಿಗೆ ಹತ್ತಿರದಲ್ಲೇ ಹಾದಿರುತ್ತದೆ. ವಿದ್ಯುತ್ ಸುರಕ್ಷತಾ ನಿಯಮದ ಪ್ರಕಾರ ಅದು ಕಟ್ಟಡದ ಮೇಲಿಂದ 3.7 ಮೀಟರ್, ಪಕ್ಕದಿಂದ 1.2 ಮೀಟರ್ ದೂರವಿರಬೇಕು. ನಿಯಮ ಪೂರ್ತಿ ಪಾಲನೆಯಾಗಿದೆ ಎಂದೇ ಇಟ್ಟುಕೊಳ್ಳಿ. ಸಾರುವೆಯ ಪೈಪಿನ ಉದ್ದ 6 ಮೀಟರ್. ತಾರಸಿಯ ಮೇಲೆ ಅದನ್ನು ನೆಟ್ಟಗೆ ಎತ್ತಿದರೆ ತಂತಿಗೆ ತಾಗುತ್ತದೆ. ಅಂತರದ ನಿಯಮ ಕಟ್ಟಡಕ್ಕೆ ಮಾಡಿದ್ದು, ಕಬ್ಬಿಣ ಹಿಡಿದ ಕೈಗಳಿಗೆ ಮಾಡಿದ್ದಲ್ಲ. ತಂತಿಯ ಬಳಿ ಕೆಲಸವಿದ್ದರೆ ವಿದ್ಯುತ್ ಕಂಪನಿ ಬೆಸ್ಕಾಂಗೆ ಬರೆದು ಲೈನ್ ಆಫ್ ಮಾಡಿಸಿಕೊಳ್ಳಬೇಕು. ಉದ್ದದ ಪೈಪು, ಅಲ್ಯೂಮಿನಿಯಂ ಏಣಿಯನ್ನು ಮಲಗಿಸಿಯೇ ಸಾಗಿಸಬೇಕು.

ಲೆಕ್ಕ ಯಾರದು?

ಇದೆಲ್ಲವನ್ನೂ ಹೇಳುವ ಭಾರತೀಯ ಮಾನಕಗಳಿವೆ. ಸಾರುವೆ, ಏಣಿಗಳ ಸುರಕ್ಷತೆಗೆ ಐ.ಎಸ್. 3696, ಬೆಲ್ಟಿಗೆ ಐ.ಎಸ್. 3521. ಕಟ್ಟಡ ಕಾರ್ಮಿಕರಿಗಾಗಿ 1996ರ ಕಾಯ್ದೆ ಬಂತು. 2020ರಲ್ಲಿ ಸಂಸತ್ತು ಒಪ್ಪಿದ ವೃತ್ತಿ ಸುರಕ್ಷತಾ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಆದರೆ 1996ರ ಕಾಯ್ದೆ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕೆಲಸಕ್ಕೆ ಮಾತ್ರ ಅನ್ವಯಿಸುತ್ತಿತ್ತು, ಹತ್ತು ಲಕ್ಷ ರೂಪಾಯಿ ಮೀರದ ಸ್ವಂತ ಮನೆಯ ಕೆಲಸವನ್ನು ಹೊರಗಿಟ್ಟಿತ್ತು. ಇಬ್ಬರು ಬಂದು ಅರ್ಧ ದಿನದಲ್ಲಿ ಮುಗಿಸುವ ಶೀಟಿನ ಕೆಲಸವನ್ನು ಪರಿಶೀಲಿಸಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಇರುವವರು ಇಬ್ಬರೇ: ಕೆಲಸ ಹೇಳಿದವರು, ಕೆಲಸ ಮಾಡುವವರು.

ಹಾಗಿರುವಾಗ ಕೆಲಸ ಹೇಳಿದವರ ಹೊಣೆ ದೊಡ್ಡದು, ಯಾಕೆಂದರೆ ಹಣದ ತೀರ್ಮಾನ ಅವರದು. ರಾಯಚೂರಿನಿಂದಲೋ ಯಾದಗಿರಿಯಿಂದಲೋ ಬಿಹಾರದಿಂದಲೋ ದುಡಿಯಲು ಬಂದವನು, ಕೂಲಿ ಕೈತಪ್ಪೀತೆಂಬ ಭಯದಲ್ಲಿ, ಸಾರುವೆ ಬೇಕೆಂದು ಕೇಳುವುದಿಲ್ಲ. ಮೇಸ್ತ್ರಿ ಒಟ್ಟು ಗುತ್ತಿಗೆಗೆ ಒಪ್ಪಿದ್ದರೆ, ಸಾರುವೆಗೆ ಕೊಡುವ ಬಾಡಿಗೆ ಅವನ ಲಾಭದಿಂದ ಕಳೆಯುತ್ತದೆ. ಕಡಿಮೆ ದರ ಹೇಳಿದವನಿಗೇ ಕೆಲಸ ಸಿಗುವಾಗ, ಸಾರುವೆ ಬಿಟ್ಟು ದರ ಹೇಳಿದವನು ಗೆಲ್ಲುತ್ತಾನೆ. ನಾವು ಚೌಕಾಸಿ ಮಾಡಿ ಉಳಿಸಿದ ಸಾವಿರ ರೂಪಾಯಿ ಎಲ್ಲಿಂದ ಬಂತೆಂದು ನಾವು ಕೇಳುವುದಿಲ್ಲ.

ಇದಕ್ಕೊಂದು ಸರಳ ಪರಿಹಾರವಿದೆ. ದರ ಮಾತಾಡುವಾಗ ಸಾರುವೆಯನ್ನು ಬೇರೆಯೇ ಬಾಬತ್ತಾಗಿ ಬರೆಸಿ: ಪೈಪು, ಹಲಗೆ, ಅಡಿತಟ್ಟೆ, ಕಂಬಿ, ಕಟ್ಟುವ ಕೂಲಿ, ಬಿಚ್ಚುವ ಕೂಲಿ. ಅದರ ಮೇಲೆ ಚೌಕಾಸಿ ಬೇಡ. ಬಣ್ಣದಲ್ಲಿ, ಟೈಲ್ಸಿನಲ್ಲಿ ಉಳಿಸಿ. ಕೆಲಸಕ್ಕೆ ಬಂದವರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿದ್ದಾರೆಯೇ ಕೇಳಿ. ವರ್ಷದಲ್ಲಿ 90 ದಿನ ಈ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನ ಯಾರಾದರೂ ನೋಂದಾಯಿಸಿಕೊಳ್ಳಬಹುದು. ಸಾರುವೆ ಕಟ್ಟಿ ಮುಗಿದ ಮೇಲೆ, ಯಾರೂ ಹತ್ತುವ ಮೊದಲು, ಮೇಸ್ತ್ರಿಯ ಜೊತೆ ಒಂದು ಸುತ್ತು ಬನ್ನಿ. ಕಾಲಡಿ ತಟ್ಟೆ ಇದೆಯೇ, ಓರೆಪಟ್ಟಿ ಎಲ್ಲ ಇವೆಯೇ, ಹಲಗೆಯ ತುದಿ ಕಟ್ಟಿದೆಯೇ, ಕಂಬಿ ಸೊಂಟಕ್ಕಿಂತ ಮೇಲಿದೆಯೇ, ತಂತಿ ಎಷ್ಟು ದೂರ. ಈ ಐದು ಪ್ರಶ್ನೆಗೆ ಎಂಜಿನಿಯರ್ ಆಗಬೇಕಿಲ್ಲ, ಹತ್ತು ನಿಮಿಷ ಸಾಕು.

ಮನುಷ್ಯನ ಕಾಲು ಒಮ್ಮೆಯಾದರೂ ಜಾರುತ್ತದೆ, ಗಮನ ಒಮ್ಮೆಯಾದರೂ ಚದುರುತ್ತದೆ. ಫೋನು ಬರುತ್ತದೆ, ಹಸಿವಾಗಿರುತ್ತದೆ, ಊರಲ್ಲಿ ಮಗುವಿಗೆ ಜ್ವರ ಬಂದಿರುತ್ತದೆ. ಅಂಥ ಗಳಿಗೆಯಲ್ಲೂ ಜೀವ ಹೋಗದಂತೆ ಕಟ್ಟಿದ್ದೇ ಒಳ್ಳೆಯ ಸಾರುವೆ. ನಮ್ಮ ಮನೆಯ ಸೋರಿಕೆ ನಿಲ್ಲಿಸಲು ಬಂದವನಿಗೆ ಅಂಥದ್ದೊಂದನ್ನು ಒದಗಿಸುವುದು ದಾನವಲ್ಲ, ಆ ಕೆಲಸದ ನಿಜವಾದ ಬೆಲೆಯ ಒಂದು ಪಾಲು. ಅದನ್ನು ಕೊಡಲಾಗದಿದ್ದರೆ, ಕೊಡಲಾಗುವವರೆಗೆ ಒಂದು ಬಕೆಟ್ ಇಟ್ಟು ಸೋರುವ ನೀರು ಹಿಡಿಯೋಣ. ಚಾವಣಿ ಒಂದು ವಾರ ಕಾಯಬಲ್ಲದು.